ವಾಸನೆ ತಿಳಿಯದ ಮಿಸ್ತ್ರಿ

ನಾಗಪುರದಿಂದ ಕಾಮಠಿಗೆ ಹೋಗುವ ರಸ್ತೆಯ ಒಂದು ಐಸ್ ಫ್ಯಾಕ್ಟರಿಯಲ್ಲಿ ಕಾಶೀನಾಥ ಇಪ್ಪತ್ತೆರಡು ವರ್ಷ ಇಂಜಿನ್ ಮಿಸ್ತ್ರಿಯಾಗಿದ್ದ. ವಿಜಾಪುರದ ಕಡೆಯವನು, ಮಾತು ಕಡಿಮೆ. ಇಂಜಿನ್ನಿನ ಮೈಗೆ ಸ್ಕ್ರೂಡ್ರೈವರ್ ಆನಿಸಿ, ಅದರ ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಒಳಗೆ ಯಾವ ಬೇರಿಂಗ್ ಸವೆದಿದೆ ಎಂದು ಹೇಳಿಬಿಡುತ್ತಿದ್ದ.

೧೯೭೯ರ ಬೇಸಿಗೆಯಲ್ಲಿ ಫ್ಯಾಕ್ಟರಿಯ ಅಮೋನಿಯಾ ಪೈಪು ಒಡೆಯಿತು. ಎಲ್ಲರೂ ಹೊರಗೆ ಓಡಿದರು. ಒದ್ದೆ ಟವೆಲನ್ನು ಮುಖಕ್ಕೆ ಸುತ್ತಿಕೊಂಡು ಒಳಗೆ ಹೋಗಿ ವಾಲ್ವು ಮುಚ್ಚಿದವನು ಕಾಶೀನಾಥ. ಎರಡು ವಾರಗಳಲ್ಲಿ ಕಣ್ಣುರಿ ಹೋಯಿತು, ಕೆಮ್ಮು ಹೋಯಿತು. ಮೂಗು ಮಾತ್ರ ಸರಿಹೋಗಲಿಲ್ಲ. ಒಲೆಯ ಮೇಲೆ ಹಾಲು ಸೀದು ಮನೆಯೆಲ್ಲ ನಾರುತ್ತಿದ್ದರೂ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದ ಗಂಡನನ್ನು ಕಂಡ ದಿನ ಲಕ್ಷ್ಮವ್ವನಿಗೆ ಅದು ಗೊತ್ತಾಯಿತು.

“ಫ್ಯಾಕ್ಟರಿಯೊಳಗ ಹೇಳಿಬಿಡ್ರಿ,” ಎಂದಳು.

“ಹೇಳಿದ್ರ ನಾಳಿಂದ ಗೇಟಿನ್ಯಾಗ ಸ್ಟೂಲ್ ಹಾಕಿ ಕುಂಡ್ರಸ್ತಾರ. ವಾಸನಿ ತಿಳೀದ ಮಿಸ್ತ್ರಿ ಯಾರಿಗೆ ಬೇಕು?”

ಲಕ್ಷ್ಮವ್ವ ಮತ್ತೆ ಆ ಮಾತು ಎತ್ತಲಿಲ್ಲ. ಅವಳ ಹೊರತು ಯಾರಿಗೂ ಅದು ತಿಳಿಯಲೂ ಇಲ್ಲ.

ನಾಲ್ಕು ವರ್ಷ ಹಾಗೆಯೇ ನಡೆಯಿತು. ೧೯೮೩ರಲ್ಲಿ ಕರೆಂಟು ದಿನಕ್ಕೆ ನಾಲ್ಕೈದು ತಾಸು ಇರುತ್ತಿರಲಿಲ್ಲ. ಜನರೇಟರಿನ ಹಳೆಯ ಡೀಸೆಲ್ ಇಂಜಿನ್ ಕರಿ ಹೊಗೆ ಕಾರುತ್ತ ಏದುಸಿರು ಬಿಡುತ್ತಿತ್ತು. ಇಂಜಿನ್ ಎಳೆದುಕೊಳ್ಳುವ ಗಾಳಿಯ ಜೊತೆ ಒಂದಿಷ್ಟು ಅಡುಗೆ ಸಿಲಿಂಡರಿನ ಗ್ಯಾಸು ಸೇರಿಸಿದರೆ ಡೀಸೆಲ್ ಚೆನ್ನಾಗಿ ಉರಿದು ಬಲ ಹೆಚ್ಚುತ್ತದೆಂದು ಮಾಲೀಕ ಎಲ್ಲಿಯೋ ಕೇಳಿಕೊಂಡು ಬಂದ. ಕಾಶೀನಾಥ ಒಂದು ತಿಂಗಳು ಹಿಂದೆಮುಂದೆ ನೋಡಿದ. ಕೊನೆಗೆ ಒಪ್ಪಿದ ಮೇಲೆ ಅವನು ಮಾಡಿದ ಕೆಲಸದಲ್ಲಿ ಯಾರೂ ಕೊಂಕು ತೆಗೆಯುವಂತಿರಲಿಲ್ಲ. ಸಿಲಿಂಡರನ್ನು ಗೋಡೆಯ ಆಚೆ ನೆರಳಲ್ಲಿ ನಿಲ್ಲಿಸಿದ. ಅಲ್ಲಿಂದ ತಾಮ್ರದ ಪೈಪು ಎಳೆದ. ಗ್ಯಾಸು ಹೆಚ್ಚಾದರೆ ಇಂಜಿನ್ ಒಳಗೇ ಬಡಿದುಕೊಂಡು ಪಿಸ್ಟನ್ ಕರಗುತ್ತದೆ. ಅದಕ್ಕೆ ಸೂಜಿಯಷ್ಟು ಸಣ್ಣ ತೂತಿನ ನಳಿಕೆ ಕೂಡಿಸಿದ. ಇಂಜಿನ್ ನಿಂತ ಕ್ಷಣವೇ ತಾನಾಗಿ ಮುಚ್ಚಿಕೊಳ್ಳುವ ಒಂದು ವಾಲ್ವನ್ನೂ ಹಾಕಿದ. ಗ್ಯಾಸು ಗಾಳಿಗಿಂತ ಭಾರ, ನೆಲದ ಮೇಲೆಯೇ ಹರಡಿಕೊಳ್ಳುತ್ತದೆ ಎಂದು ಗೋಡೆಯ ಬುಡದಲ್ಲಿ ಎರಡು ಕಿಂಡಿ ಕೊರೆಸಿದ. ದಿನಾ ಬೆಳಿಗ್ಗೆ ಪ್ರತಿಯೊಂದು ಜೋಡಣೆಗೂ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡುತ್ತಿದ್ದ.

ಇಂಜಿನ್ ನಡೆಸುತ್ತಿದ್ದವನು ಇಂಡಿ ತಾಲೂಕಿನ ಗೋವಿಂದ, ಮೂವತ್ತೈದರ ಆಳು. ಸೋಪಿನ ನೀರು ಕಂಡಾಗಲೆಲ್ಲ ನಗುತ್ತಿದ್ದ. “ಕಾಕಾ, ನೀವು ಇಂಜಿನ್ನಿಗೆ ದಿನಾ ಸ್ನಾನಾ ಮಾಡಸ್ತೀರಿ ನೋಡ್ರಿ.” ಕಾಶೀನಾಥನೂ ನಗುತ್ತಿದ್ದ. ಉಳಿದವರು ಮೂಗಿನಿಂದ ತಿಳಿಯುವುದನ್ನು ತಾನು ಕಣ್ಣಿನಿಂದ ಹುಡುಕುತ್ತಿದ್ದೇನೆಂದು ಹೇಳಲಿಲ್ಲ.

೧೯೮೪ರ ಏಪ್ರಿಲ್‌ನಲ್ಲಿ ಕಾಶೀನಾಥ ತಂಗಿಯ ಮನೆಯ ಮದುವೆಗೆ ವಿಜಾಪುರಕ್ಕೆ ಹೋಗಿ ಬರುವಷ್ಟರಲ್ಲಿ ಸಿಲಿಂಡರು ಇಂಜಿನ್ ಕೋಣೆಯ ಒಳಗೆ ಬಂದಿತ್ತು. ಹೊರಗಿಟ್ಟರೆ ಕಳುವಾಗುತ್ತದೆಂದು ಮಾಲೀಕನ ಹೆದರಿಕೆ. ತಾಮ್ರದ ಪೈಪಿನ ಬದಲು ರಬ್ಬರ್ ಪೈಪು ಸಿಕ್ಕಿಸಿದ್ದರು. ಕಿಂಡಿಗಳಿಗೆ ಅಡ್ಡವಾಗಿ ಐಸಿಗೆ ಹಾಕುವ ಹೊಟ್ಟಿನ ಮೂಟೆಗಳು.

“ಇದು ಬರೋಬರ್ ಇಲ್ಲ,” ಎಂದ ಕಾಶೀನಾಥ.

“ಸೀಜನ್ ಮುಗೀಲಿ, ಹೊರಗ ಇಡೂಣು,” ಎಂದ ಮಾಲೀಕ.

ಮೂಟೆಗಳನ್ನು ಕಾಶೀನಾಥ ತಾನೇ ಎಳೆದು ಹಾಕಿದ. ಎರಡು ದಿನದಲ್ಲಿ ಮತ್ತೆ ಅಲ್ಲಿಗೇ ಬಂದವು. ರಬ್ಬರ್ ಪೈಪಿನ ಎರಡೂ ತುದಿಗೆ ಗಟ್ಟಿ ಕ್ಲ್ಯಾಂಪ್ ಬಿಗಿದು ಅವನು ಸುಮ್ಮನಾದ.

ಮೇ ತಿಂಗಳ ಒಂದು ಬೆಳಿಗ್ಗೆ ಹನ್ನೊಂದಕ್ಕೆ ಕರೆಂಟು ಹೋಯಿತು. ಗೋವಿಂದ ಇಂಜಿನ್ ಚಾಲೂ ಮಾಡಿದ. ಕಾಶೀನಾಥ ಬಂದು ಪಕ್ಕದಲ್ಲಿ ನಿಂತ. ಇಂಜಿನ್ನಿನ ಕಬ್ಬಿಣದ ಕಾಲಿಗೆ ಉಜ್ಜಿ ಉಜ್ಜಿ ರಬ್ಬರ್ ಪೈಪಿನ ಅಡಿಭಾಗ ಹರಿದಿತ್ತು; ಬೆಳಿಗ್ಗೆ ಸೋಪಿನ ನೀರು ಹಚ್ಚಿದ್ದು ಜೋಡಣೆಗಳಿಗೆ ಮಾತ್ರ. ಗ್ಯಾಸು ನೆಲದ ಮೇಲೆ ಹರಡುತ್ತಿತ್ತು. ಕಿಟಕಿಯಾಚೆ ಹೊಗೆ ಎಂದಿಗಿಂತ ತೆಳ್ಳಗಿತ್ತು, ಸದ್ದು ಮೆತ್ತಗಿತ್ತು. ಇಂಜಿನ್ ಇವತ್ತು ಹದವಾಗಿದೆ ಎಂದು ಕಾಶೀನಾಥನಿಗೆ ಸಂತೋಷವೇ ಆಯಿತು. ಗೋವಿಂದ ಒಂದೆರಡು ಸಲ ಮೂಗು ಉಜ್ಜಿಕೊಂಡು ಅವನ ಮುಖ ನೋಡಿದ. ಮತ್ತೆ ಇಂಜಿನ್ನಿನ ಕಡೆ ತಿರುಗಿದ.

ಹತ್ತು ನಿಮಿಷದ ಮೇಲೆ ಸದ್ದು ಏರತೊಡಗಿತು. ಗೋವಿಂದ ಡೀಸೆಲ್ ಬಂದ್ ಮಾಡಿದ. ಇಂಜಿನ್ ನಿಲ್ಲಲಿಲ್ಲ, ಇನ್ನೂ ಜೋರಾಯಿತು. ಕೋಣೆಯಲ್ಲಿ ತುಂಬಿದ ಗ್ಯಾಸನ್ನೇ ಅದು ಗಾಳಿಯ ಬಾಯಿಂದ ಎಳೆದುಕೊಂಡು ಓಡುತ್ತಿದೆ ಎಂದು ಕಾಶೀನಾಥನಿಗೆ ಆಗ ಹೊಳೆಯಿತು.

“ಗೋವಿಂದಾ, ಹೊರಗ ಓಡು!” ಎಂದು ಕೂಗಿ ಸಿಲಿಂಡರಿನ ಕಡೆ ಹಾರಿ ಅದರ ವಾಲ್ವನ್ನು ತಿರುಗಿಸಿ ಮುಚ್ಚಿದ.

ಗೋವಿಂದ ಓಡಲಿಲ್ಲ. ಐಸಿಗೆ ಹೊದಿಸುವ ಒದ್ದೆ ಗೋಣಿಚೀಲವನ್ನು ಎಳೆದುಕೊಂಡು ಇಂಜಿನ್ನಿನ ಗಾಳಿಯ ಬಾಯಿಗೆ ಒತ್ತಿ ಹಿಡಿದ. ಉಸಿರು ಕಟ್ಟಿ ಇಂಜಿನ್ ತಡವರಿಸಿತು. ನಿಲ್ಲುವ ಮುಂಚೆ ಒಳಗಿನ ರಾಡು ಮುರಿದು, ಇಂಜಿನ್ನಿನ ಪಕ್ಕದ ಕಬ್ಬಿಣವನ್ನು ಒಡೆದುಕೊಂಡು ಗೋವಿಂದನ ಮಂಡಿಗೆ ಬಡಿಯಿತು.

ಬೆಂಕಿ ಹತ್ತಲಿಲ್ಲ. ಆಸ್ಪತ್ರೆಯಲ್ಲಿ ಗೋವಿಂದನ ಬಲಗಾಲನ್ನು ತೊಡೆಯವರೆಗೆ ತೆಗೆದರು.

ಐದನೆಯ ದಿನ ಕಾಶೀನಾಥ ಹಾಸಿಗೆಯ ಪಕ್ಕ ಕುಳಿತಾಗ ಗೋವಿಂದನೇ ಮಾತು ತೆಗೆದ.

“ಮೊದಲಿಗೇ ವಾಸನಿ ಬಂದಿತ್ತು ಕಾಕಾ. ಬಂದ್ ಮಾಡಬೇಕಂತ ಅನಕೊಂಡೆ. ನೀವು ಸುಮ್ಮನ ನಿಂತಿದ್ರಿ. ನಿಮಗ ಗೊತ್ತಿರಲಾರದ್ದು ಏನೈತಿ ಅಂತ ಬಿಟ್ಟೆ.”

ಕಾಶೀನಾಥನ ಕೈ ಮಂಚದ ಕಂಬಿಯ ಮೇಲಿತ್ತು. “ನನಗ ವಾಸನಿ ಬರಂಗಿಲ್ಲೋ ತಮ್ಮಾ. ಐದು ವರ್ಷ ಆತು,” ಎಂದ.

“ಒಂದ್ ಮಾತು ಹೇಳಬಾರದಿತ್ತಾ?” ಎಂದಷ್ಟೇ ಕೇಳಿ ಗೋವಿಂದ ಮುಖವನ್ನು ಗೋಡೆಗೆ ತಿರುಗಿಸಿದ. ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ವತ್ಸಲಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. “ನೀವಿನ್ನ ಹೋಗ್ರಿ,” ಎಂದಳು.

ವಿಚಾರಣೆಗೆ ಬಂದ ಇನ್‌ಸ್ಪೆಕ್ಟರ್ ಹರಿದ ಪೈಪನ್ನು ನೋಡಿ ಬರೆದುಕೊಂಡ. ಕಾಶೀನಾಥ ತನ್ನ ಮೂಗಿನ ಸಂಗತಿ ಹೇಳಿದಾಗ, ಪೈಪು ಹರಿದದ್ದೇ ಕಾರಣ, ಕಾಗದಕ್ಕೆ ಅಷ್ಟು ಸಾಕು ಎಂದು ಪೆನ್ನು ಮುಚ್ಚಿದ. ಮರುದಿನ ಕಾಶೀನಾಥ ಗ್ಯಾಸಿನ ಪೈಪು, ನಳಿಕೆ, ವಾಲ್ವುಗಳನ್ನೆಲ್ಲ ಬಿಚ್ಚಿ ಕೆಳಗಿಟ್ಟು ಕೆಲಸ ಬಿಟ್ಟ. ಆಮೇಲೆ ಕಾಮಠಿಯ ಒಂದು ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಿದ್ದ.

ತಿಂಗಳಿಗೊಮ್ಮೆ ಲಕ್ಷ್ಮವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಗೋವಿಂದನ ಮನೆಗೆ ಹೋಗುತ್ತಿದ್ದಳು. ವತ್ಸಲಾ ಅವಳನ್ನು ಒಳಗೆ ಕರೆಯುತ್ತಿದ್ದಳು. ಕಾಶೀನಾಥ ಗಲ್ಲಿಯ ತಿರುವಿನಲ್ಲೇ, ಬಿಸಿಲಿರಲಿ ಮಳೆಯಿರಲಿ, ನಿಂತಿರುತ್ತಿದ್ದ. ಅವಳು ಬರುವುದು ಕಂಡ ಕೂಡಲೇ ಎದುರು ಬರುತ್ತಿದ್ದ.

“ಏನರ ಅಂದನೇನು?”

“ಇಲ್ರಿ.”

ಇಬ್ಬರೂ ಬಸ್ ಸ್ಟಾಪಿನ ಕಡೆ ನಡೆಯುತ್ತಿದ್ದರು. ೧೯೮೮ರವರೆಗೂ ಹೀಗೆಯೇ ನಡೆಯಿತು. ಆ ವರ್ಷ ಗೋವಿಂದ ಹೆಂಡತಿಯೊಡನೆ ಊರಿಗೆ ಹೊರಟುಹೋದ. ಹೋಗುವಾಗ ಯಾರಿಗೂ ಹೇಳಲಿಲ್ಲ.