ಗಾಡಿಯೊಳಗೆ ಕೇಳಿಸಿದ ತಂಗಿಯ ದನಿ

ತಂಗಿ ಫೋನಿನಲ್ಲಿ ಮಾತಾಡಿ ಕಳಿಸಿದ ಸಂದೇಶಗಳನ್ನು ನಾನು ತೆರೆದು ಕೇಳಲಿಲ್ಲ. ಪುರಸೊತ್ತಿರಲಿಲ್ಲ ಎಂದಲ್ಲ. ಏನಿರುತ್ತದೆಂದು ಗೊತ್ತಿತ್ತು. ಕೇಳಿದರೆ ಅಪ್ಪನ ಮುಂದೆ ಬಾಯಿ ಬಿಡಬೇಕಾಗುತ್ತಿತ್ತು.

ಜೇವರ್ಗಿಯಲ್ಲಿ ಬಾಡಿಗೆ ಕಾರು ಓಡಿಸುತ್ತೇನೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು. ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಗಾಡಿ ಒಂದು ಊರು ದಾಟಿರುತ್ತದೆ. ಅದಕ್ಕೇ ಫೋನನ್ನು ಕಾರಿನ ಸ್ಪೀಕರಿಗೆ ಜೋಡಿಸಿಕೊಂಡಿದ್ದೆ. ನಮ್ಮ ಡ್ರೈವರುಗಳ ವಾಟ್ಸಾಪ್ ಗ್ರೂಪಿನಲ್ಲಿ ಯಾವ ಸೇತುವೆ ಮೇಲೆ ನೀರು ಬಂದಿದೆ, ಎಲ್ಲಿ ರಸ್ತೆ ಅಗೆದಿದ್ದಾರೆ ಎಲ್ಲ ಮಾತಿನಲ್ಲೇ ಬರುತ್ತದೆ. ಒತ್ತಿದರೆ ಗಾಡಿ ತುಂಬ ಕೇಳಿಸುತ್ತದೆ.

ಅವತ್ತು ತಂಗಿಯನ್ನು ನೋಡಲು ಬರುವವರನ್ನು ಅಫಜಲಪುರದಿಂದ ನಾನೇ ಕರೆತರುತ್ತಿದ್ದೆ. ಹುಡುಗ, ಅವನಪ್ಪ, ಅವನ ಸೋದರತ್ತೆ. ಭೀಮಾ ತುಂಬಿ ಹರಿಯುತ್ತಿತ್ತು. ಸೇತುವೆ ದಾಟಬಹುದೋ ಇಲ್ಲವೋ ಎಂದು ಹುಡುಗನ ಅಪ್ಪ ಕೇಳಿದರು. ನನಗೆ ತೋರಿಸಿಕೊಳ್ಳುವ ಆಸೆ.

“ಗಾಡೀನೇ ಹೇಳ್ತದ, ತಡೀರಿ” ಎಂದು ಪಕ್ಕಕ್ಕೆ ನಿಲ್ಲಿಸಿ, ಡ್ರೈವರುಗಳ ಗ್ರೂಪೇ ಇರಬೇಕೆಂದು ಹೆಸರು ಓದದೆ ಎಲ್ಲಕ್ಕಿಂತ ಮೇಲಿದ್ದದ್ದನ್ನು ತೆರೆದು ಒತ್ತಿದೆ.

“ಅಣ್ಣಾ, ಅಪ್ಪಗ ಹೇಳಿದಿ ಇಲ್ಲೋ? ನನಗ ಈಗ ಲಗ್ನ ಬ್ಯಾಡ. ಆಳಂದದಾಗ ನರ್ಸಿಂಗ್ ಇನ್ನೊಂದು ವರ್ಷ ಅದ.”

ಒಂದು ಮುಗಿಯುತ್ತಲೇ ಮುಂದಿನದು ತಾನಾಗಿ ಶುರುವಾಗುತ್ತದೆ, ಆ ಫೋನಿನ ಗುಣವೇ ಹಾಗೆ. ಎರಡನೆಯದರಲ್ಲಿ ಬೇಡಿಕೊಂಡಳು. ಕೊನೆಯದರಲ್ಲಿ ಮಾತೇ ಇರಲಿಲ್ಲ, ಬರೀ ಅಳು. ನಿಲ್ಲಿಸಬೇಕೆಂಬುದೂ ನನಗೆ ಹೊಳೆಯಲಿಲ್ಲ.

ಹುಡುಗ ಕಿಟಕಿಯಾಚೆ ನೋಡುತ್ತಿದ್ದ. ಸೋದರತ್ತೆಯೇ ಕೇಳಿದಳು, “ಹುಡುಗಿ ಇಷ್ಟು ಹೇಳ್ಯಾಳ. ಮನ್ಯಾಗ ಒಬ್ಬರಿಗೂ ಕಿವಿ ಇಲ್ಲೇನ್ರಿ?”

ಹುಡುಗನ ಅಪ್ಪ ಗಾಡಿ ತಿರುಗಿಸಲು ಹೇಳಿದರು. ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಇಳಿಯುವಾಗ ಅವರು ಮರುಕಪಟ್ಟವರಂತೆ ನನ್ನ ಹೆಗಲು ತಟ್ಟಿದರು.

ಅವರನ್ನು ಅಫಜಲಪುರದಲ್ಲಿ ಬಿಟ್ಟು ಅಂದೋಲಾ ಕಡೆಯ ನಮ್ಮ ಮನೆಗೆ ಒಬ್ಬನೇ ಬಂದೆ. ಸೇತುವೆ ಮೇಲೆ ನೀರು ಬಂದೀತೆಂದು ಹೆದರಿ ಅವರೇ ಹಿಂದಿರುಗಿದರೆಂಬ ಸುಳ್ಳನ್ನು ದಾರಿಯಲ್ಲೇ ಹೊಂದಿಸಿಕೊಂಡಿದ್ದೆ. ಅಪ್ಪ ಜಮಖಾನೆ ಹಾಸಿ ಕಾಯುತ್ತಿದ್ದ. ಬೀಗರೆಲ್ಲಿ ಎಂದು ಕೇಳಿದ. ಬಾಗಿಲ ಹಿಂದೆ ತಂಗಿ ಅವ್ವನ ಇಳಕಲ್ ಸೀರೆ ಉಟ್ಟು ನಿಂತಿದ್ದಳು. ಅವಳು ಬೀಗರನ್ನು ಕೇಳಲಿಲ್ಲ. ನನ್ನ ಮುಖವನ್ನಷ್ಟೇ ನೋಡಿದಳು, ಈಗಲಾದರೂ ಹೇಳುತ್ತಾನೇನೋ ಎಂಬಂತೆ.

ಹೊಂದಿಸಿಕೊಂಡಿದ್ದ ಸುಳ್ಳು ಬಿಟ್ಟುಬಿಟ್ಟೆ. ಅವಳಿಗೆ ಲಗ್ನ ಬೇಡವಾಗಿತ್ತು, ನನಗೆ ಮೊದಲೇ ಹೇಳಿದ್ದಳು ಎಂದು ಅಪ್ಪನಿಗೆ ಹೇಳಿದೆ. ಅವನು ಬೈಯಲು ಶುರುಮಾಡಿದ. ಬೈಗುಳದ ನಡುವೆಯೇ ತಂಗಿಯ ಕಡೆ ತಿರುಗಿದೆ.

“ತಪ್ಪಾತು ತಂಗೀ. ನಿನ್ನ ಮಾತು ಮಂದಿ ಕೇಳಿದ ಮ್ಯಾಲ ನಾ ಕೇಳಿದೆ.”