ಬಸ್ಸಿಗಿಂತ ಅರ್ಧ ಗಂಟೆ ಮುಂದೆ

ಫಿನಾಯಿಲ್ ವಾಸನೆ ಬಂತೆಂದರೆ ಯಾರೋ ದೊಡ್ಡವರು ಬರುತ್ತಿದ್ದಾರೆ ಎಂದೇ ಅರ್ಥ. ಚಿಕ್ಕಂದಿನಲ್ಲಿ ಈಕೆ ತಿಳಿದುಕೊಂಡಿದ್ದು ಹಾಗೆ. ಅಮ್ಮ ಸರ್ಕಾರಿ ಅತಿಥಿಗೃಹದ ನೆಲ ಒರೆಸುತ್ತಿದ್ದರು. ಮಲಗುವಾಗ ಮಗಳ ತಲೆ ಸವರುವ ಬೆರಳುಗಳಲ್ಲೂ ಅದೇ ವಾಸನೆ. ದೊಡ್ಡವರ ಕಾರು ಒಳಗೆ ಬರುವ ಹೊತ್ತಿಗೆ ಅಮ್ಮ ಮಾತ್ರ ಹಿಂಬಾಗಿಲಿನಿಂದ ಹೊರಗೆ ಹೋಗಿರುತ್ತಿದ್ದರು.

ಈಗ ಬೆಳಕು ಹರಿಯುವ ಹೊತ್ತು. ಅದೇ ವಾಸನೆಯ ಇನ್ನೊಂದು ಅತಿಥಿಗೃಹದಲ್ಲಿ ಆ ಮಗಳು ನಿಂತಿದ್ದಾರೆ. ನಿಂತಿದ್ದಾರೆ ಎನ್ನುವುದೂ ತಪ್ಪೇ. ನಲ್ಲಿ ತಿರುಗಿಸುತ್ತಾರೆ, ಚಿಲಕ ಎಳೆದು ನೋಡುತ್ತಾರೆ, ಟವೆಲ್ ಮೂಸುತ್ತಾರೆ, ಅಡುಗೆಮನೆಗೆ ಇಣುಕಿ "ಕಾಫಿ ಬಿಸಿ ಇರ್ಲಿ ಕಣಪ್ಪ, ಕಥೆ ಆಮೇಲೆ ಹೇಳು" ಎನ್ನುತ್ತಾರೆ. ಅಷ್ಟು ಹೊತ್ತೂ ಸ್ಕೂಟರಿನ ಕೀಲಿ ಬೆರಳ ಸುತ್ತ ಗಿರಗಿರನೆ ತಿರುಗುತ್ತಲೇ ಇರುತ್ತದೆ.

ಪ್ರವಾಸೋದ್ಯಮ ಇಲಾಖೆಯ ಕಾಗದದಲ್ಲಿ ಇವರ ಹುದ್ದೆಗೆ ಮಾರುದ್ದದ ಹೆಸರಿದೆ. ದಾರಿಯುದ್ದಕ್ಕೂ ಜನ ಕರೆಯುವುದು ‘ಮುಂದಾಳಮ್ಮ’ ಎಂದು. ಪಕ್ಷ ಕಟ್ಟಿದವರಲ್ಲ, ಭಾಷಣ ಮಾಡಿದವರೂ ಅಲ್ಲ. ಹೊರದೇಶದ ಪ್ರವಾಸ ಸಂಸ್ಥೆಗಳವರನ್ನು ಇಲಾಖೆ ಕರೆಸಿ ರಾಜ್ಯವನ್ನು ತೋರಿಸುತ್ತದೆ. ನೋಡಿದ್ದು ಹಿಡಿಸಿದರೆ ಮುಂದಿನ ವರ್ಷ ಅವರು ತಮ್ಮ ಗಿರಾಕಿಗಳನ್ನು ಕಳಿಸುತ್ತಾರೆ. ಆ ಅತಿಥಿಗಳ ಬಸ್ಸಿಗಿಂತ ಅರ್ಧ ಗಂಟೆ ಮುಂದೆ ಒಬ್ಬರೇ ಸ್ಕೂಟರಿನಲ್ಲಿ ಹೋಗುವುದು ಇವರ ಕೆಲಸ. ಗೇಟಿನ ಬೀಗ ತೆಗೆಸಬೇಕು, ಅಡ್ಡ ನಿಂತ ಲಾರಿ ಸರಿಸಬೇಕು, ಗೈಡ್ ಎದ್ದಿದ್ದಾನೋ ಇಲ್ಲವೋ ವಿಚಾರಿಸಬೇಕು. ಎಲ್ಲಕ್ಕಿಂತ ಮೊದಲು ಶೌಚಾಲಯದೊಳಗೆ ಹೋಗಿ ಕಣ್ಣಾರೆ ನೋಡಬೇಕು. ಬಸ್ಸಿನ ಹಾರ್ನ್ ಕೇಳಿಸಿತೋ, ಮುಂದಿನ ಜಾಗಕ್ಕೆ ದೌಡು.

"ಗೆಸ್ಟ್‌ಗಳು ಹೇಗಿರ್ತಾರೆ ಅಂದ್ರೆ ನನಗೇನು ಗೊತ್ತು?" ಎಂದು ನಗುತ್ತಾರೆ. "ಅವರು ಕೂರೋ ಕುರ್ಚಿ ಗೊತ್ತು, ಕೈ ಒರೆಸ್ಕೊಳ್ಳೋ ಟವೆಲ್ ಗೊತ್ತು. ಮುಖ ನೋಡಿದೋಳಲ್ಲ."

ಫೋನಿನಲ್ಲೇ ಕೇಳಿದರೆ ಆಗದೇ ಎಂದರೆ ಮುಂದಾಳಮ್ಮನ ಹುಬ್ಬು ಮೇಲೇರುತ್ತದೆ. "ಫೋನ್ ಮಾಡಿದ್ರೆ ಎಲ್ಲರೂ ಹೇಳೋದು ಒಂದೇ ಮಾತು, ರೆಡಿ. ರೆಡಿ ಅಂದ್ರೆ ಇನ್ನೂ ಶುರು ಮಾಡಿಲ್ಲ ಅಂತ. ಎಲ್ಲಾ ರೆಡಿ ಅಂದ್ರೆ ಆ ಮನುಷ್ಯ ಇನ್ನೂ ಮನೇಲೇ ಇದಾನೆ ಅಂತ."

ಈ ತಮಾಷೆಯ ಹಿಂದೆ ಒಂದು ನೋವಿದೆ. ಕಳೆದ ವರ್ಷ ಇಂಥದೇ ಸಂಸ್ಥೆಯೊಂದರ ತಂಡ ಬಂದಾಗ ಇವರು ಜ್ವರದಲ್ಲಿ ಮಲಗಿದ್ದರು. ಕಚೇರಿಯವರು ಫೋನಿನಲ್ಲೇ ವಿಚಾರಿಸಿದರು. ಎಲ್ಲ ಕಡೆಯಿಂದಲೂ ‘ರೆಡಿ’ ಬಂತು. ಕಡಲ ತುದಿಯ ದೀಪಸ್ತಂಭದ ಬಳಿ ಬಸ್ಸಿಳಿದ ಒಬ್ಬ ಅಜ್ಜಿ ನೋಡಿದರೆ ಶೌಚಾಲಯಕ್ಕೆ ಬೀಗ. ಪಾಪ, ಆ ವಯಸ್ಸಿನಲ್ಲಿ ಎಷ್ಟು ಹೊತ್ತು ತಡೆದುಕೊಂಡಾರು? ಬಸ್ಸು ಹಾಗೆಯೇ ಹಿಂದಿರುಗಿತು. ಆ ಸಂಸ್ಥೆ ದೀಪಸ್ತಂಭವನ್ನು ತನ್ನ ಪ್ರವಾಸದಿಂದ ಕೈಬಿಟ್ಟಿತು.

ದೀಪಸ್ತಂಭದ ಬುಡದಲ್ಲಿರುವುದು ಒಂದೇ ಊಟದ ಮನೆ. ನಡೆಸುವವರು ಮುಂದಾಳಮ್ಮನ ಅತ್ತಿಗೆ. ಅಣ್ಣ ತೀರಿಕೊಂಡ ಮೇಲೆ ಒಬ್ಬರೇ ಒಲೆ ಹಚ್ಚಿ, ಒಬ್ಬರೇ ಬಡಿಸಿ ಬದುಕು ಕಟ್ಟಿಕೊಂಡವರು. ಬಸ್ಸು ಬರುವುದು ನಿಂತ ಮೇಲೆ ಅರ್ಧ ಬೆಂಚುಗಳು ಗೋಡೆಗೆ ಒರಗಿದವು. ಈ ಸಲವೂ ಅತಿಥಿಗಳು ಕೈ ಹಿಡಿಯದಿದ್ದರೆ ಬಾಗಿಲು ಹಾಕುವುದೇ. ಅತ್ತಿಗೆಯ ಸಿಟ್ಟು ಕಚೇರಿಯ ಮೇಲೆ ಹೋಗಲಿಲ್ಲ, ನಾದಿನಿಯ ಮೇಲೆ ತಿರುಗಿತು. "ಊರಿನ ಜಾಗಕ್ಕೆಲ್ಲ ಮುಂದೆ ಓಡ್ತೀಯ, ನನ್ನ ಬಾಗಿಲಿಗೆ ಬರೋ ಹೊತ್ತಿಗೆ ಜ್ವರ ಬಂತಾ ನಿನಗೆ?" ಅಂದದ್ದೇ ಕೊನೆ. ಆಮೇಲೆ ಮಾತಿಲ್ಲ.

ಇವತ್ತು ಬರುತ್ತಿರುವುದು ಅದೇ ಸಂಸ್ಥೆಯವರು. ಇಲಾಖೆಯ ಸಾಹೇಬರು ಇನ್ನೊಮ್ಮೆ ನೋಡಿ ಎಂದು ಬೇಡಿ ಕರೆಸಿದ್ದಾರೆ. ಮಧ್ಯಾಹ್ನದ ಊಟ ದೀಪಸ್ತಂಭದ ಬಳಿ, ಆಮೇಲೆ ದೋಣಿ ಕಟ್ಟೆಯಿಂದ ವಿಹಾರ.

ಮುಂದಾಳಮ್ಮ ಸ್ಕೂಟರ್ ನಿಲ್ಲಿಸಿ ಊಟದ ಮನೆಯ ಹೊಸ್ತಿಲಲ್ಲಿ ನಿಂತಾಗ ಅತ್ತಿಗೆ ತಲೆ ಎತ್ತುವುದಿಲ್ಲ. ಒಲೆಯ ಪಕ್ಕದ ಬೆಕ್ಕಿಗೆ ಹೇಳುತ್ತಾರೆ: "ದೊಡ್ಡವರು ಬಂದಿದಾರೆ ನೋಡು. ನೆಲ ಒದ್ದೆ ಇದೆ, ಜಾರಿ ಬಿದ್ದಾರು, ನೋಡ್ಕೊಂಡು ಬರಕ್ಕೆ ಹೇಳು."

ಮುನಿಸು ಮುನಿಸೇ. ಆದರೂ ಬೀಳಬಾರದಲ್ಲ.

"ಬೆಕ್ಕೇ, ನಿಮ್ಮ ಯಜಮಾನ್ತಿಗೆ ಹೇಳು, ತಟ್ಟೆಗಳು ಚೆನ್ನಾಗಿ ಹೊಳೀತಿವೆ ಅಂತ," ಎಂದು ಇವರೂ ಬೆಕ್ಕಿಗೇ ಹೇಳಿ ಶೌಚಾಲಯದತ್ತ ನಡೆಯುತ್ತಾರೆ. ಬೀಗ ತೆಗೆದಿದೆ. ನೆಲ ಒಣಗಿದೆ. ನಲ್ಲಿ ತಿರುಗಿಸಿದರೆ ಉಸ್ಸೆಂದು ಗಾಳಿ. ಪಂಪು ಕೆಟ್ಟಿದೆ.

"ಬೆಳಿಗ್ಗೆ ಬರ್ತಾ ಇತ್ತು ಮೇಡಂ, ದೇವರಾಣೆ!" ಎನ್ನುತ್ತಾನೆ ಕಾವಲುಗಾರ.

"ದೇವರನ್ನ ಯಾಕೆ ಎಬ್ಬಿಸ್ತೀಯ? ಬಕೆಟ್ ಎಲ್ಲಿದೆ ಹೇಳು."

ನೀರಿರುವುದು ಅತ್ತಿಗೆಯ ಹಿತ್ತಲಿನ ಡ್ರಮ್ಮುಗಳಲ್ಲಿ ಮಾತ್ರ. ಮುಂದಾಳಮ್ಮ ಹಿತ್ತಲಿಗೆ ಹೋಗಿ ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ಡ್ರಮ್ಮಿನ ಮುಚ್ಚಳ ತೆಗೆದಾಗಿದೆ. ಬೆಕ್ಕಿನ ಮೂಲಕ ಮಾತಾಡುವಷ್ಟು ಪುರುಸೊತ್ತು ಇಬ್ಬರಿಗೂ ಇಲ್ಲ.

"ಆ ಕಡೆ ಹಿಡಿ. ಚೆಲ್ಲಬೇಡ. ಊಟದ ನೀರಿದು!"

"ಹಿಡಿದಿದೀನಿ ಅತ್ತಿಗೆ, ನೀವು ಕಾಲಿಡೋದು ನೋಡ್ಕೊಳ್ಳಿ."

ಕಾವಲುಗಾರನೂ ಸೇರಿ ಮೂವರೂ ಮರಳಿನ ಮೇಲೆ ಬಕೆಟ್ ಹೊತ್ತು ಓಡಾಡುತ್ತಿರುವಾಗಲೇ ಬಸ್ಸಿನ ಹಾರ್ನ್ ಕೇಳಿಸುತ್ತದೆ. ಲೆಕ್ಕದ ಪ್ರಕಾರ ಮುಂದಾಳಮ್ಮ ಈಗ ದೋಣಿ ಕಟ್ಟೆಯ ದಾರಿ ಹಿಡಿಯಬೇಕು. ಕೀಲಿ ಕೈಗೆ ಬರುತ್ತದೆ, ಮತ್ತೆ ಜೇಬಿಗೆ ಹೋಗುತ್ತದೆ. ಒಬ್ಬರಾದ ಮೇಲೊಬ್ಬರು ಒಳಗೆ ಹೋಗುವಾಗ ತೊಟ್ಟಿ ತುಂಬುವವರು ಯಾರು? ಬೇರೆ ದಾರಿ ಕಾಣದೆ ದೋಣಿಯವನಿಗೆ ಫೋನ್ ಮಾಡುತ್ತಾರೆ.

"ಎಲ್ಲಾ ರೆಡಿ ಮೇಡಂ!" ಎನ್ನುತ್ತದೆ ಆ ಕಡೆಯ ದನಿ.

ಮುಂದಾಳಮ್ಮ ಹಣೆ ಒತ್ತಿಕೊಳ್ಳುತ್ತಾರೆ.

ಬಸ್ಸಿನಿಂದ ಮೊದಲು ಇಳಿಯುವುದು ಬಿಳಿಗೂದಲ ಅಜ್ಜಿಯೊಬ್ಬರು. ಅತ್ತಿಗೆ ನಾದಿನಿಯ ತೋಳು ಹಿಡಿದು ಪಿಸುಗುಡುತ್ತಾರೆ: "ಅದೇ ಅಜ್ಜಿ ಕಣೇ. ಹೋದ ವರ್ಷದೋರು." ಅಜ್ಜಿ ಊಟದ ಮನೆಯನ್ನೂ ನೋಡದೆ, ಕಡಲನ್ನೂ ನೋಡದೆ ನೆಟ್ಟಗೆ ಆ ಬಾಗಿಲಿಗೇ ಹೋಗುತ್ತಾರೆ. ಒಳಗಿನಿಂದ ನೀರು ಸುರಿದ ಸದ್ದು ಬರುವವರೆಗೆ ಇಬ್ಬರೂ ಉಸಿರು ಬಿಡುವುದಿಲ್ಲ.

ಹೊರಬಂದ ಅಜ್ಜಿಗೆ ಎದುರಾಗುವುದು ಮೊಣಕಾಲವರೆಗೂ ಒದ್ದೆಯಾಗಿ, ಎರಡೂ ಕೈಯಲ್ಲಿ ಬಕೆಟ್ ಹಿಡಿದ ಮುಂದಾಳಮ್ಮ. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದು. ಅಜ್ಜಿ ಒಂದು ಹೆಜ್ಜೆ ಪಕ್ಕಕ್ಕೆ ಸರಿಯುತ್ತಾರೆ. ಮುಚ್ಚಿಕೊಳ್ಳುತ್ತಿದ್ದ ಬಾಗಿಲಿಗೆ ತಮ್ಮ ಪಾದ ಅಡ್ಡ ಕೊಟ್ಟು, ಬಕೆಟ್ ಒಳಗೆ ಹೋಗುವವರೆಗೂ ಹಾಗೆಯೇ ನಿಲ್ಲುತ್ತಾರೆ. ಅಲ್ಲಿಂದ ಸೀದಾ ಊಟದ ಮನೆಗೆ ಹೋಗಿ, ಕಡಲು ಕಾಣುವ ಬೆಂಚು ಹುಡುಕಿ ಕೂರುತ್ತಾರೆ.

"ನೀವಿನ್ನೂ ಇಲ್ಲೇ ಇದ್ದೀರಾ?" ಅತಿಥಿಗಳ ಜೊತೆ ಬಸ್ಸಿನಲ್ಲಿ ಬಂದ ಸಾಹೇಬರಿಗೆ ಆಶ್ಚರ್ಯ. "ದೋಣಿ ಕಟ್ಟೆ?"

"ಫೋನ್ ಮಾಡಿದೀನಿ ಸರ್."

"ನೀವು? ಫೋನು?" ಅವರಿಗೆ ನಗು ತಡೆಯಲಾಗುವುದಿಲ್ಲ. ಆಮೇಲೆ ದನಿ ತಗ್ಗಿಸುತ್ತಾರೆ. "ಈ ಜಾಗ ಮತ್ತೆ ಸೇರಿಸ್ತಾರೋ ಇಲ್ವೋ, ತಿಳಿಯೋಕೆ ಇನ್ನೂ ಸಮಯ ಹಿಡಿಯುತ್ತೆ ಅಮ್ಮ."

"ತಿಳಿದಾಗ ಮೊದಲು ಅತ್ತಿಗೆಗೆ ಹೇಳಿ ಸರ್. ನಾನು ಎಲ್ಲಿರ್ತೀನೋ ಏನೋ."

ಒಳಗೆ ತಟ್ಟೆಗಳ ಸದ್ದು, ಅರ್ಥವಾಗದ ಮಾತು, ನಗು. ಇಷ್ಟು ವರ್ಷಗಳಲ್ಲಿ ಅತಿಥಿಗಳು ಊಟಕ್ಕೆ ಕೂತದ್ದನ್ನು ಮುಂದಾಳಮ್ಮ ನೋಡುತ್ತಿರುವುದು ಇದೇ ಮೊದಲು. ನೋಡಲು ಸಿಕ್ಕಿದ್ದು ಎರಡು ನಿಮಿಷ. ಕಾಲು ಆಗಲೇ ಸ್ಕೂಟರಿನತ್ತ ಎಳೆಯುತ್ತಿದೆ. ಅಲ್ಲಿ ದೋಣಿಯವನು ಇನ್ನೂ ಮನೆಯಲ್ಲೇ ಇದ್ದಾನು.

ಸ್ಕೂಟರ್ ಸದ್ದು ಮಾಡುವಷ್ಟರಲ್ಲಿ ಅತ್ತಿಗೆ ಬಡಿಸುತ್ತಿದ್ದ ಸೌಟು ಬಿಟ್ಟು ಹೊರಬರುತ್ತಾರೆ. ಕೈಯಲ್ಲಿ ಬಟ್ಟೆ ಸುತ್ತಿದ ಊಟದ ಡಬ್ಬಿ. ಅಣ್ಣ ಕೆಲಸಕ್ಕೆ ಒಯ್ಯುತ್ತಿದ್ದ ಡಬ್ಬಿ ಅದು. ಮುಚ್ಚಳ ಬಿಗಿಯಾಗಿದೆಯೇ ಎಂದು ಒಮ್ಮೆ ಒತ್ತಿ ನೋಡಿ, ಅದನ್ನು ನಾದಿನಿಯ ಕೈಗಿಡುತ್ತಾರೆ. ಮತ್ತೆ ಬಡಿಸಲು ಒಳಗೆ ಹೋಗುತ್ತಾರೆ.