ಟವೆಲ್ಲಿನ ಮರೆಯ ದರ

ನಮ್ಮ ಮನೆಯ ಹಗ್ಗದ ಮೇಲೆ ಎಷ್ಟೇ ಬಟ್ಟೆ ಒಣಗಬೇಕಾಗಿರಲಿ, ಒಂದು ತುದಿಯನ್ನು ಸಣ್ಣಜ್ಜನ ಕೆಂಪು ಅಂಚಿನ ಟವೆಲ್ಲಿಗೆ ಬಿಟ್ಟುಕೊಡಬೇಕು. ಅದು ಹೆಸರಿಗಷ್ಟೇ ಟವೆಲ್ಲು. ಅದರಿಂದ ಅವರು ಮುಖ ಒರೆಸಿದ್ದನ್ನಾಗಲಿ ಕೈ ಒರೆಸಿದ್ದನ್ನಾಗಲಿ ನಾನು ಕಂಡಿರಲಿಲ್ಲ. ಬಡಗಿಗೆ ಉಳಿ ಇದ್ದಂತೆ ಅದು ಅವರ ಕಸುಬಿನ ಉಪಕರಣ. ಉಳಿಯಿಂದ ಯಾರೂ ಬೆವರು ಒರೆಸಿಕೊಳ್ಳುವುದಿಲ್ಲವಷ್ಟೆ.

ಸಣ್ಣಜ್ಜನೆಂದರೆ ನನ್ನ ಅಜ್ಜನ ತಮ್ಮ. ಮದುವೆಯ ಗೋಜಿಗೆ ಹೋಗದೆ ಮುಧೋಳ, ಮಹಾಲಿಂಗಪುರದ ಕಡೆಯ ದನದ ಸಂತೆಗಳಲ್ಲಿ ದಲ್ಲಾಳಿಯಾಗಿ ಆಯುಷ್ಯ ಕಳೆದವರು. ಆ ಸಂತೆಯಲ್ಲಿ ದರವನ್ನು ಬಾಯಿಂದ ಹೇಳುವ ಪದ್ಧತಿಯಿಲ್ಲ. ಟವೆಲ್ಲಿನ ಮರೆಯಲ್ಲಿ ಒಬ್ಬರ ಬೆರಳನ್ನೊಬ್ಬರು ಹಿಡಿದು ಕುದುರಿಸಬೇಕು. ಎಷ್ಟು ಬೆರಳು ಹಿಡಿದರೋ ಅಷ್ಟು ದರ. ಸುತ್ತ ನಿಂತವರಿಗೆ ಕಾಣುವುದು ಎರಡು ಮುಖಗಳ ಗಾಂಭೀರ್ಯ ಮಾತ್ರ. ಚಿಕ್ಕವಳಿದ್ದಾಗ ನಾನೂ ಅವರೊಡನೆ ಬತ್ತಾಸಿನ ವ್ಯವಹಾರವನ್ನು ಹೀಗೇ ನಡೆಸಿ, ಪ್ರತಿ ಸಲವೂ ಸೋತಿದ್ದೇನೆ. ಹತ್ತು ಜನರೆದುರು ಎತ್ತನ್ನು ಬಾಯ್ತುಂಬ ಹೊಗಳುತ್ತಿದ್ದ ಸಣ್ಣಜ್ಜ, ಟವೆಲ್ಲಿನ ಮರೆಗೆ ಕೈ ಹೋದ ಮೇಲೆ ಅದರ ಐಬನ್ನು ಕಳೆದೇ ದರ ಹಿಡಿಯುತ್ತಿದ್ದರಂತೆ. ಬಾಯಿ ಸಂತೆಯದು, ಬೆರಳು ನನ್ನದು ಎಂಬುದು ಅವರ ಸಿದ್ಧಾಂತ.

ಈಗ ಅವರು ಜಮಖಂಡಿಯಲ್ಲಿ ನನ್ನೊಡನೆ ಇದ್ದಾರೆ. ನಾನು ಇಲ್ಲಿಯ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರದ ಪಾಠ ಹೇಳುತ್ತೇನೆ. ಬೆಲೆ ನಿಗದಿಯಾಗುವ ಬಗೆಯನ್ನು ವರ್ಷವರ್ಷವೂ ಅಧಿಕಾರವಾಣಿಯಿಂದ ವಿವರಿಸುವ ನನಗೆ, ಕಾಯಿಪಲ್ಯೆಯವಳ ಮುಂದೆ ನಿಂತಾಗ ಆ ಅಧ್ಯಾಯದ ಒಂದು ಸಾಲೂ ನೆನಪಾಗುವುದಿಲ್ಲ. ಇರಲಿ. ಸಣ್ಣಜ್ಜ ಬಚ್ಚಲಲ್ಲಿ ಜಾರಿ ಬಿದ್ದ ದಿನ ನಾನು ತರಗತಿಯಲ್ಲಿದ್ದೆ. ಪಕ್ಕದ ಮನೆಯವರು ಬಂದು ಎಬ್ಬಿಸುವವರೆಗೂ ಅವರು ಒದ್ದೆ ನೆಲದ ಮೇಲೆ ಸುಮ್ಮನೆ ಕುಳಿತಿದ್ದರು. ಅಂದಿನಿಂದ ನನಗೆ ನಿದ್ದೆ ನಿದ್ದೆಯಾಗಿಲ್ಲ, ಪಾಠ ಪಾಠವಾಗಿಲ್ಲ. ಕೊನೆಗೆ ಮುಧೋಳದ ಹಾದಿಯಲ್ಲಿ ಹೊಸದಾಗಿ ಆಗಿರುವ ಹಿರಿಯರ ನಿವಾಸದ ಮಾತನ್ನು ಅವರೇ ಎತ್ತಿದರು. ಬೇಡ ಎನ್ನಬಹುದಿತ್ತು, ದರ ಕೇಳಿ ನೋಡೋಣ ಎಂದೆ. ದಣಿದ ನಾಲಿಗೆ ಇಂಥ ಸುರಕ್ಷಿತ ವಾಕ್ಯಗಳನ್ನು ತಾನೇ ಹುಡುಕಿಕೊಳ್ಳುತ್ತದೆ.

ಅಲ್ಲಿಯ ದರದ ರಚನೆ ನಮ್ಮ ಪಠ್ಯಪುಸ್ತಕದಲ್ಲಿಲ್ಲ. ಕೋಣೆಗೊಂದು ಬಾಡಿಗೆ, ಕಿಟಕಿಯಿಂದ ತೋಟ ಕಂಡರೆ ತುಸು ಹೆಚ್ಚು, ಇನ್ನೊಬ್ಬರ ಗೊರಕೆ ಕೇಳಿಸಿದರೆ ತುಸು ಕಡಿಮೆ. ಅದರ ಮೇಲೆ ಆರೈಕೆಯ ದರ ಬೇರೆ. ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರು ಮೊದಲನೆಯ ಹಂತ, ಸ್ನಾನಕ್ಕೂ ಔಷಧಕ್ಕೂ ಆಸರೆ ಬೇಕಾದವರು ಎರಡನೆಯ ಹಂತ, ಹಾಸಿಗೆ ಹಿಡಿದವರು ಮೂರನೆಯ ಹಂತ. ದೇಹ ಒಂದೊಂದೇ ಮೆಟ್ಟಿಲು ಇಳಿದಂತೆ ದರ ಒಂದೊಂದೇ ಮೆಟ್ಟಿಲು ಏರುತ್ತದೆ. ಮೊದಲನೆಯದು ನನ್ನ ಸಂಬಳಕ್ಕೆ ಸಲೀಸು, ಎರಡನೆಯದು ಬಿಗಿ. ಆದರೆ ಮೊದಲನೆಯ ಹಂತದವರ ಬಚ್ಚಲ ಬಾಗಿಲಲ್ಲಿ ಯಾರೂ ನಿಲ್ಲುವುದಿಲ್ಲ.

ಯಾರು ಯಾವ ಹಂತವೆಂದು ವ್ಯವಸ್ಥಾಪಕಿ ಪರೀಕ್ಷಿಸಿ ನಿರ್ಧರಿಸುತ್ತಾರೆ. ಆ ದಿನ ಸಣ್ಣಜ್ಜ ಗಡ್ಡ ಹೆರೆಸಿಕೊಂಡು, ಮೀಸೆಗೆ ಎಣ್ಣೆ ಹಚ್ಚಿ, ಟವೆಲ್ಲನ್ನು ಹೆಗಲಿಗೇರಿಸಿ, ಊರುಗೋಲನ್ನು ಮನೆಯಲ್ಲೇ ಬಿಟ್ಟು ಹೊರಟರು. ಆಟೋವನ್ನು ಗೇಟಿಗೆ ಬಹುದೂರದಲ್ಲೇ ನಿಲ್ಲಿಸಿ, ನನ್ನ ಕೈಯನ್ನೂ ಹಿಡಿಯದೆ ನಡೆದರು. ಕಾಲು ಸೆಡೆದ ಎತ್ತನ್ನು ಗಿರಾಕಿಗೆ ತೋರಿಸುವ ಮುಂಚೆ ನಾಲ್ಕು ಸುತ್ತು ತಿರುಗಿಸಿ ಕಾಲು ಬಿಸಿ ಮಾಡುವುದು ಸಂತೆಯ ಹಳೆಯ ಉಪಾಯ. ಹಿಂದೊಮ್ಮೆ ಅವರೇ ನಗುತ್ತ ಹೇಳಿದ್ದು. ಅಂದು ನನಗೆ ನಗು ಬರಲಿಲ್ಲ.

ವ್ಯವಸ್ಥಾಪಕಿಯೆದುರು ಕುರ್ಚಿಯಿಂದ ಎದ್ದು ತೋರಿಸಿದರು, ಅಂಗಿಯ ಗುಂಡಿ ಹಾಕಿ ತೋರಿಸಿದರು, ಅಂದು ಯಾವ ವಾರವೆಂದು ಹೇಳಿದರು. ದರದ ಹಂತಗಳನ್ನು ಕೇಳಿಸಿಕೊಂಡು ತಮ್ಮ ಅಭಿಪ್ರಾಯವನ್ನೂ ಹೇಳಿದರು.

"ನಿಮ್ಮ ಸಂತಿ ಉಲ್ಟಾ ಐತಿ ನೋಡ್ರಿ ಬಾಯಾರ. ಎತ್ತು ಕುಂಟಿದ್ರ ನಾವು ರೇಟ್ ಇಳಸ್ತೀವಿ, ನೀವು ಏರಸ್ತೀರಿ."

"ಕುಂಟೂ ಎತ್ತಿನ ಕೈ ಯಾರೂ ಹಿಡಿಯೂದಿಲ್ಲರಿ ಅಜ್ಜಾರ," ಎಂದರು ಆಕೆ. "ನಾವು ಹಿಡೀಬೇಕಲ್ರಿ. ಅದ್ಕ ಏರತೈತಿ." ಆಮೇಲೆ, ಸ್ನಾನ ಒಬ್ಬರೇ ಮಾಡುತ್ತೀರಾ ಎಂದು ಕೇಳಿದರು.

"ಮಾಡ್ತೇನ್ರಿ. ಬೇಕಾದ್ರ ಎಮ್ಮೀನೂ ತೊಳೀತೇನಿ."

ಆಕೆ ನಗುತ್ತ ನನ್ನ ಕಡೆ ನೋಡಿದರು. ಹೌದೆಂದರೆ ಆ ಒದ್ದೆ ನೆಲ. ಇಲ್ಲವೆಂದರೆ, ಜೀವಮಾನವೆಲ್ಲ ಮಾತಿನಿಂದ ಬಾಳಿದ ಮನುಷ್ಯನನ್ನು ಪರರೆದುರು ಸುಳ್ಳನನ್ನಾಗಿ ಮಾಡಬೇಕು. ಆಗ ನನ್ನ ತೊಡೆಯ ಮೇಲಿದ್ದ ಕೈಯ ಮೇಲೆ ಟವೆಲ್ಲು ಬಂದು ಬಿತ್ತು. ಸಣ್ಣಜ್ಜ ಗೋಡೆಯ ಕ್ಯಾಲೆಂಡರನ್ನು ಬಲು ಆಸಕ್ತಿಯಿಂದ ನೋಡುತ್ತಿದ್ದರು. ಮರೆಯಲ್ಲಿ ಅವರ ಕೈ ನನ್ನ ಎರಡು ಬೆರಳುಗಳನ್ನು ಹಿಡಿದು ಬಿಗಿಯಾಗಿ ಒತ್ತಿತು.

"ಎರಡನೇ ಹಂತ ಇರ್ಲಿರಿ," ಎಂದೆ.

"ಈಗಿನ ಹುಡುಗೂರು ಭಾಳ ಅಂಜತಾವ ನೋಡ್ರಿ," ಎಂದು ಸಣ್ಣಜ್ಜ ಆಕೆಗೆ ದೂರು ಹೇಳಿದರು. "ಇರ್ಲಿ, ಅಕೀ ಸಮಾಧಾನಕ್ಕ."

ಹೊರಗೆ ಬಂದು ಬೇವಿನ ನೆರಳಿನ ಕಟ್ಟೆಯ ಮೇಲೆ ಕುಳಿತೆವು. ಆಟೋದವನನ್ನು ಗೇಟಿನವರೆಗೂ ಕರೆಸೆಂದು ಅವರೇ ಹೇಳಿದರು. ಆಮೇಲೆ ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಹಣೆ, ಕಣ್ಣು, ಕುತ್ತಿಗೆಯನ್ನೆಲ್ಲ ನಿಧಾನವಾಗಿ ಒರೆಸಿಕೊಂಡರು. ನಾನು ರಸ್ತೆಯ ಕಡೆ ನೋಡುತ್ತ ಕುಳಿತೆ.

ಸೋಮವಾರ ಅವರನ್ನು ಬಿಟ್ಟುಬರಬೇಕು. ಇವತ್ತು ಬಟ್ಟೆ ಒಗೆದು ಹಾಕಿದ್ದೇನೆ. ಹಗ್ಗದ ತುದಿ ಖಾಲಿಯಿದೆ. ಟವೆಲ್ಲು ಉಳಿದ ಬಟ್ಟೆಗಳ ನಡುವೆ, ಬೇರೆಲ್ಲ ಟವೆಲ್ಲುಗಳ ಹಾಗೆ ಒಣಗುತ್ತಿದೆ.